ಅಡವಯ್ಯನ ಹೊಟ್ಟೆಯ ನಾಲ್ಕು ತೂತು

ಶುಕ್ರವಾರ ಬೆಳಿಗ್ಗೆ ಅಡವಯ್ಯನ ಪಿತ್ತಕೋಶವನ್ನು ಕಲ್ಲುಗಳ ಸಮೇತ ಲ್ಯಾಪರೋಸ್ಕೋಪಿ ವಿಧಾನದಲ್ಲಿ ತೆಗೆದರು. ಶನಿವಾರ ಸಂಜೆ ಮನೆಗೆ ಕಳುಹಿಸಿದರು. ಭಾನುವಾರ ಬೆಳಗಾಗುತ್ತಲೇ ಬರಗೂರಿನ ಜನ ಬ್ರೆಡ್ಡು, ಎಳನೀರು ಹಿಡಿದು ನೋಡಲು ಬಂದರು. ತೊಂದರೆ ಆರಂಭವಾದದ್ದು ಈ ಮೂರನೆಯ ಹಂತದಲ್ಲಿ.

"ಎಲ್ಲಿ, ಕುಯ್ದಿರೋದು ತೋರ್ಸು," ಎಂದ ಪಕ್ಕದ ಮನೆಯ ಜಯರಾಮಯ್ಯ.

ಅಡವಯ್ಯ ಅಂಗಿ ಎತ್ತಿದ. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಪಟ್ಟಿಗಳು, ಸೈಕಲ್ ಟ್ಯೂಬಿಗೆ ಹಾಕಿದ ಪಂಕ್ಚರಿನಂತೆ ಕಂಡವು.

"ಇಷ್ಟೇನಾ! ನಮ್ಮ ಭಾವಂಗೆ ಎದೆಯಿಂದ ಹೊಕ್ಕಳಗಂಟ ಸೀಳಿದ್ರು ಕಣ್ಲಾ, ಅದು ಆಪರೇಷನ್ನು. ಇದು ಕುರಿಗೆ ಉಣ್ಣೆಹುಳ ಕಚ್ಚಿದಂಗೈತೆ. ನಾಳೆ ಸಣ್ಣರಂಗಯ್ಯನ ಹೊಲದಾಗೆ ಕಳ್ಳೇಕಾಯಿ ಕೀಳಾದೈತೆ. ಮುಯ್ಯಿ ತೀರ್ಸಕ್ಕೆ ನೀನೇ ಹೋಗ್ಬೋದು!"

ಅಡವಯ್ಯ ಅಂಗಿಯನ್ನು ಕೆಳಕ್ಕೆ ಎಳೆದುಕೊಂಡ. ಕಳೆದ ವಾರ ಸಣ್ಣರಂಗಯ್ಯ ಇವನ ಹೊಲದಲ್ಲಿ ದುಡಿದಿದ್ದ. ಬದಲಿಗೆ ಮುಯ್ಯಾಳಾಗಿ ಹೋಗದಿದ್ದರೆ ಊರಿನಲ್ಲಿ ಮರ್ಯಾದೆಯಿಲ್ಲ. ವೈದ್ಯರು ಹೇಳಿದ್ದ ಎರಡು ವಾರಗಳ ವಿಶ್ರಾಂತಿ ಕೈತಪ್ಪುವುದರಲ್ಲಿತ್ತು.

ಹೆಂಡತಿ ಲಕ್ಕಮ್ಮ ಉಪಾಯ ಹೂಡಿದಳು. ಹಳೆಯ ಪಂಚೆಯನ್ನು ಹರಿದು, ಅರಿಶಿನದ ನೀರು ಚಿಮುಕಿಸಿ, ಗಂಡನ ಎದೆಯಿಂದ ಸೊಂಟದವರೆಗೆ ಸುತ್ತಿದಳು. "ನರಳ್ತಾ ಇರು. ಅತಿ ಆಡ್ಬ್ಯಾಡ," ಎಂದಳು.

ಮಧ್ಯಾಹ್ನ ಬಂದ ಸಣ್ಣರಂಗಯ್ಯ ಆ ಕಟ್ಟನ್ನು ನೋಡಿ ಬಾಗಿಲಲ್ಲೇ ಕುಸಿದು ಕುಳಿತ. "ಮುಯ್ಯಿ ಮನೆ ಹಾಳಾಗ್ಲಿ, ನೀನು ಮಲಗಪ್ಪ," ಎಂದವನೇ ನೀರನ್ನೂ ಕುಡಿಯದೆ ಹೊರಟುಹೋದ. ಅಡವಯ್ಯ ಗೆದ್ದೆನೆಂದು ನೆಮ್ಮದಿಯಿಂದ ಕಣ್ಣು ಮುಚ್ಚಿದ.

ಸಂಜೆ ಸಣ್ಣರಂಗಯ್ಯನ ಮಗಳು ಶೃತಿ ಓಡಿಬಂದಳು. "ಮಾವ, ನಮ್ಮಪ್ಪಂಗೆ ಏನ್ ತೋರಿಸ್ದೆ? ಅಪ್ಪಂಗೂ ಪಿತ್ತಕೋಶದಾಗೆ ಕಲ್ಲೈತೆ, ನಾಳೆನೇ ಆಪರೇಷನ್ನು. ಯಾರ್ಗೂ ಹೇಳಿರ್ಲಿಲ್ಲ. ಈಗ ಸತ್ರೂ ಹೋಗಲ್ಲ ಅಂತ ಅಟ್ಟ ಹತ್ತಿ, ಏಣಿನೂ ಮ್ಯಾಲಕ್ಕೆ ಎಳ್ಕೊಂಡೈತೆ! ತಡ ಮಾಡಿದ್ರೆ ಜೀವಕ್ಕೇ ಅಪಾಯ ಅಂದವ್ರೆ ಡಾಕ್ಟ್ರು."

ಅಡವಯ್ಯ ಅವಳ ಹಿಂದೆಯೇ ನಡೆದ. ಅಟ್ಟದ ಕೆಳಗೆ ನಿಂತು, ನಾಚಿಕೆ ಬಿಟ್ಟು, ಕಟ್ಟನ್ನು ಸುತ್ತು ಸುತ್ತಾಗಿ ಬಿಚ್ಚಿದ. "ನೋಡ್ಲಾ, ನಾಲ್ಕೇ ತೂತು! ನಿನ್ ಮುಯ್ಯಿಗೆ ಹೆದರ್ಕೊಂಡು ಇಂಗೆ ಸುತ್ಕೊಂಡಿದ್ದೆ. ಮಾರನೇ ದಿನಕ್ಕೇ ಎದ್ದು ಓಡಾಡ್ದೆ ಕಣ್ಲಾ."

ಮೇಲಿನಿಂದ ಟಾರ್ಚಿನ ಬೆಳಕು ಹೊಟ್ಟೆಯನ್ನು ನಿಧಾನವಾಗಿ ಪರಿಶೀಲಿಸಿತು. ಅನಂತರ ಏಣಿ ಇಳಿಯಿತು; ಏಣಿಯ ಹಿಂದೆ ಸಣ್ಣರಂಗಯ್ಯನೂ ಇಳಿದ. ಶೃತಿ ಅಳುತ್ತಲೇ ನಕ್ಕಳು.

"ಓಡಾಡ್ತೀಯಲ್ಲ, ಅಂಗಾದ್ರೆ ನಾಳೆಯಿಂದ ನಮ್ಮ ಹೊಲ ನೋಡ್ಕೊ," ಎಂದ ಸಣ್ಣರಂಗಯ್ಯ. "ಭಾರ ಎತ್ತಬ್ಯಾಡ, ಆಳುಗಳ ಮ್ಯಾಲೆ ಕೂಗು ಸಾಕು. ಕಾಯಿ ಕಿತ್ತು, ಬಿಡ್ಸಿ, ಒಣಗ್ಸಾಗಂಟ ನಿಂದೇ ಜವಾಬ್ದಾರಿ."

ಸೋಮವಾರ ಸಣ್ಣರಂಗಯ್ಯನ ಶಸ್ತ್ರಚಿಕಿತ್ಸೆ ತೊಡಕಿಲ್ಲದೆ ಮುಗಿಯಿತು. ಎರಡು ವಾರಗಳ ನಂತರ ಇಬ್ಬರ ಗಾಯಗಳೂ ಸಮಾನವಾಗಿ ವಾಸಿಯಾಗಿದ್ದವು: ಒಬ್ಬನದು ಮಂಚದ ಮೇಲೆ, ಇನ್ನೊಬ್ಬನದು ಬಿಸಿಲಿನಲ್ಲಿ.