ಬಲಕ್ಕೆ ಎಳೆಯುವ ಕಾರು

ಆ ಚಳಿಗಾಲ ನೀಲೊ ಒಂದು ಘನಘೋರ ಪ್ರತಿಜ್ಞೆ ಮಾಡಿದ್ದ. ಮಾವ ಕಾಲೆರ್ವೊರ ಕಾರನ್ನು ಒಂದು ಗೀರೂ ಬೀಳದಂತೆ ಓಡಿಸಿ, ಮಂಜು ಕರಗಿದ ಮೇಲೆ ತೊಳೆದು ಒರೆಸಿ ಒಪ್ಪಿಸಿ, "ನೋಡಿ ಮಾವ, ತುರ್ಕುವಿನ ಹುಡುಗನಿಗೂ ಬರುತ್ತೆ" ಅಂದುಬಿಡಬೇಕು! ತುರ್ಕು ಇರುವುದು ದೇಶದ ದಕ್ಷಿಣದ ಕಡಲ ದಂಡೆಯಲ್ಲಿ. ಅಲ್ಲಿ ಚಳಿಗಾಲವೆಂದರೆ ಮಳೆ. ಉತ್ತರಕ್ಕಿರುವ ಮಾವನ ಊರು ಕಾಯಾನಿಯಲ್ಲಿ ಚಳಿಗಾಲವೆಂದರೆ ಚಳಿಗಾಲವೇ. ದಕ್ಷಿಣದವನು ಗಾಡಿ ಹತ್ತಿದ ಸುದ್ದಿ ಬಂದರೆ ಕಾಯಾನಿಯ ಜನ ಬೆಕ್ಕನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಾರೆ.

ಮಾವ ಜೀವಮಾನವಿಡೀ ಆ ಊರಿನ ಬಸ್ಸು ಓಡಿಸಿದವರು. ಅವರು ಬಸ್ಸು ನಿಲ್ಲಿಸಿದ್ದು ಒಳಗಿದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ, ಎಷ್ಟೋ ಜನ ಇಳಿಯುವುದನ್ನೇ ಮರೆತು ಮುಂದೆ ಹೋದದ್ದುಂಟು ಎಂದು ಅತ್ತೆ ಐಲಾ ಹೇಳುತ್ತಾರೆ. ಮಾವ ಹೇಳುವುದಿಲ್ಲ. ಮಾವ ಯಾವುದನ್ನೂ ಹೇಳುವುದಿಲ್ಲ. ಎಲೆ ಉದುರುವ ಕಾಲದಲ್ಲಿ ಒಂದು ಬೆಳಿಗ್ಗೆ ಅವರ ಬಲಗೈಯಿಂದ ಗಂಜಿಯ ಚಮಚ ಜಾರಿಬಿತ್ತು. ಮಿದುಳಿಗೆ ಹೋಗುವ ರಕ್ತ ಎಲ್ಲೋ ಸ್ವಲ್ಪ ಹೊತ್ತು ನಿಂತಿತ್ತಂತೆ. ಕೈ ವಾಪಸ್ ಬಂತು. ಮಾತು ಮೊದಲೂ ಇಲ್ಲದ್ದರಿಂದ ಅದಕ್ಕೇನಾದರೂ ಆಯಿತೋ ಇಲ್ಲವೋ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸದ್ಯಕ್ಕೆ ಸ್ಟೇರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು. ಹೀಗೆ ಕಾರು ಅಳಿಯನ ಕೈಗೆ ಬಂತು. ಕೀಲಿಯ ಜೊತೆ ಉಪದೇಶವೂ ಬಂತು: "ಬ್ರೇಕಿನ ಕೆಳಗೆ ಮೊಟ್ಟೆ ಇದೆ ಅಂದ್ಕೋ."

ಜನವರಿಯಲ್ಲಿ ಕಲ್ಲಿನಂಥ ಚಳಿ ಬಿದ್ದು, ಅದರ ಮೇಲೆ ಒಂದು ಮಧ್ಯಾಹ್ನ ಸಣ್ಣಗೆ ಮಳೆ ಹನಿದು, ಬಿದ್ದಲ್ಲೇ ಹೆಪ್ಪುಗಟ್ಟಿತು. ಆಕಾಶ ಮನುಷ್ಯನಿಗೆ ಇದಕ್ಕಿಂತ ದೊಡ್ಡ ದ್ರೋಹ ಬಗೆಯಲಾರದು. ಕಚೇರಿ ಬಿಡುವ ಹೊತ್ತಿಗೆ ಊರು ಕತ್ತಲು, ರಸ್ತೆ ಎಣ್ಣೆ ಸವರಿದ ಕನ್ನಡಿ. ಅಂಗಡಿಯ ಮುಂದಿನ ವೃತ್ತದಲ್ಲಿ ನೀಲೊ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ. ಕಾರು ಅದನ್ನೊಂದು ಸಲಹೆಯೆಂದು ಭಾವಿಸಿ, ಗೌರವದಿಂದ ಪಕ್ಕಕ್ಕಿಟ್ಟು, ನೆಟ್ಟಗೆ ಹೊರಟಿತು. ನೀಲೊ ಬ್ರೇಕ್ ಒತ್ತಿದ. ಮೊಟ್ಟೆ ಒಡೆಯಿತು ಎಂದರೆ ಕಡಿಮೆಯಾಯಿತು, ಆಮ್ಲೆಟ್ಟೇ ಆಯಿತು. ಹಿಮಕ್ಕೆಂದೇ ಮೊಳೆ ಹೊಡೆಸಿದ ಟೈರುಗಳು ಹಲ್ಲು ಕಡಿದವು. ರಾಜಹಂಸದ ಗಾಂಭೀರ್ಯದಲ್ಲಿ ತೇಲಿದ ಕಾರು, ಬಲಗಡೆಯ ಮುಂದಿನ ಚಕ್ರವನ್ನು ಫುಟ್‌ಪಾತಿನ ಅಂಚುಕಲ್ಲಿಗೆ ಧಡ್ಡನೆ ಕೊಟ್ಟು ನಿಂತಿತು. ಊರುಗೋಲು ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಎಲ್ಲವನ್ನೂ ನೋಡಿ, ಮರ್ಯಾದಸ್ಥೆಯಾದ್ದರಿಂದ, ಮುಖ ಆಚೆ ತಿರುಗಿಸಿಕೊಂಡಳು.

ನೀಲೊನ ಹೊಟ್ಟೆಪಾಡು ವಿಮಾ ಕಚೇರಿಯ ಫೋನಿನಲ್ಲಿ. ಕಾರು ಗುದ್ದಿಕೊಂಡವರ ಗೋಳು ಕೇಳುವುದೇ ಅವನ ಸಂಬಳದ ಕೆಲಸ. ಕಲ್ಲು ತಾನೇ ಎದುರಿಗೆ ಬಂತು ಅನ್ನುವವರನ್ನು ನೆನೆದು ಸಂಜೆ ಹೆಂಡತಿ ವೆನ್ಲಾಳ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಈಗ ಆ ಮಹಾನುಭಾವ ಇಳಿದು, ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಈ ಕಲ್ಲನ್ನು ಇಲ್ಲಿ ಯಾರು ಇಟ್ಟರು ಎಂದು ಯೋಚಿಸುತ್ತಿದ್ದ.

ಹೊರಗೆ ಒಂದು ಗೀರಿಲ್ಲ. ಆದರೆ ಕಾರು ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ಸೊಟ್ಟಗೆ ಹಿಡಿಯಬೇಕು. ಕೈ ಸಡಿಲ ಬಿಟ್ಟರೆ ಬಲಕ್ಕೆ ಎಳೆಯುತ್ತದೆ. ಗ್ಯಾರೇಜಿನವನು ಗಾಡಿ ಎತ್ತಿ ನೋಡಿ, ಚಕ್ರವನ್ನು ಹಿಡಿದಿರುವ ಸಸ್ಪೆನ್ಶನ್ನಿನ ಕೆಳಗಿನ ಆರ್ಮ್ ಬಾಗಿದೆ ಎಂದ. ಕಳಚಿ ಬೀಳುವುದಿಲ್ಲವಂತೆ, ಆದರೆ ಎಳೆಯುವುದು ತಪ್ಪುವುದಿಲ್ಲವಂತೆ. ಆ ಮಳೆಗೆ ಅರ್ಧ ಊರೇ ಜಾರಿತ್ತು. ಹೊಸ ಆರ್ಮ್ ಬರಲು ಮುಂದಿನ ವಾರ ಆಗುತ್ತದೆ ಎಂದ.

"ಅಪ್ಪನಿಗೆ ಹೇಳು" ಅಂದಳು ವೆನ್ಲಾ.

"ರಿಪೇರಿ ಆಗ್ಲಿ, ಹೇಳ್ತೀನಿ."

"ರಿಪೇರಿ ಆದ್ಮೇಲೆ ಹೇಳೋಕೆ ಏನಿರುತ್ತೆ?"

"ಅದಕ್ಕೇ ಕಣೇ ರಿಪೇರಿ ಮಾಡ್ಸೋದು."

ಗ್ರಹಚಾರ ಸುಮ್ಮನಿರಬೇಕಲ್ಲ. ಮಾರನೆಯ ದಿನ ವೆನ್ಲಾ ಕೆಲಸಕ್ಕೆ ಹೋಗಿದ್ದಾಗ ಮಾವ ಬಂದು ಬಾಗಿಲಲ್ಲಿ ನಿಂತರು. ಡಾಕ್ಟರು ಒಪ್ಪಿದ್ದರಂತೆ. ನಿಮಗೇ ಧೈರ್ಯ ಬಂದರೆ ಓಡಿಸಿ ನೋಡಿ, ಪಕ್ಕದಲ್ಲಿ ಯಾರಾದರೂ ಇರಲಿ ಅಂದಿದ್ದರಂತೆ. ಮಾವ ಟೋಪಿ ಸರಿಮಾಡಿಕೊಂಡು ಸ್ಟೇರಿಂಗಿನ ಹಿಂದೆ ಕೂತರು. ಮೊದಲ ದಿನ ಶಾಲೆಗೆ ಹೊರಟ ಮಗುವಿನ ಮುಖ. ಆ ಮುಖ ನೋಡಿ ನೀಲೊನ ಬಾಯಿ ಹೊಲಿದಂತಾಯಿತು.

ಮಾವ ಕೆರೆಯ ದಂಡೆಯ ರಸ್ತೆ ಹಿಡಿದರು. ಕಾರು ಬಲಕ್ಕೆ ಎಳೆಯಿತು. ಮಾವ ಎಡಕ್ಕೆ ಎಳೆದರು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ. ಮಾವ ಏನೂ ಕೇಳಲಿಲ್ಲ. ನನ್ನ ಕಾರಿಗೆ ಏನು ಮಾಡಿದೆಯಯ್ಯ ಎಂದು ಈಗ ಕೇಳುತ್ತಾರೆ, ಮುಂದಿನ ತಿರುವಿನಲ್ಲಿ ಕೇಳುತ್ತಾರೆ ಎಂದು ನೀಲೊ ಸೀಟಿನ ಅಂಚಿನಲ್ಲಿ ಕೂತು ಬೆವರಿದ. ಕೇಳಿದ್ದರೆ ಹೇಳಿಬಿಡುತ್ತಿದ್ದ. ಆದರೆ ಒಬ್ಬ ಗಾಡಿ ಓಡಿಸುವ ರೀತಿಯ ಬಗ್ಗೆ ಪಕ್ಕದಲ್ಲಿ ಕೂತವನು ತಾನಾಗಿ ಸೊಲ್ಲೆತ್ತುವುದು ಆ ಸೀಮೆಯಲ್ಲಿ ಬೈಗುಳಕ್ಕೆ ಸಮ. ಒಬ್ಬರು ಕೇಳಲಿಲ್ಲ, ಇನ್ನೊಬ್ಬ ಹೇಳಲಿಲ್ಲ. ಬೂದುಬಣ್ಣದ ಕೆರೆ, ಬೂದುಬಣ್ಣದ ಆಕಾಶ, ನಡುವೆ ವೈಪರಿನ ಸದ್ದು. ಮನೆ ಮುಂದೆ ಮಾವ ಇಂಜಿನ್ ಆರಿಸಿ, ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡು, ಅದನ್ನು ಜೇಬಿಗೆ ಹಾಕಿಕೊಂಡರು. "ಸಾಕು" ಅಂದರು.

ಮಾವ ಕ್ಷಮಿಸಿಬಿಟ್ಟರು ಎಂದುಕೊಂಡ ನೀಲೊ. ಎಂಥ ದೊಡ್ಡ ಮನಸ್ಸು!

ಎರಡು ದಿನ ಬಿಟ್ಟು ಅತ್ತೆಯ ಫೋನು ಬಂತು. ಮಾತಾಡುತ್ತ ಆಡುತ್ತ ವೆನ್ಲಾಳ ಮುಖ ಹೊರಗಿನ ಆಕಾಶದಂತೆಯೇ ಆಯಿತು. ಫೋನಿಟ್ಟು ಒಂದೊಂದೇ ಹೇಳಿದಳು. ಅಪ್ಪ ಗಡ್ಡ ಬೋಳಿಸುವುದು ಬಿಟ್ಟಿದ್ದಾನಂತೆ, ಬಲಗೈಯಲ್ಲಿ ಬ್ಲೇಡು ಹಿಡಿಯಲು ಹೆದರಿಕೆಯಂತೆ. ಎಡಗೈಯಲ್ಲಿ ಉಣ್ಣುತ್ತ ಅಂಗಿಗೆಲ್ಲ ಸೂಪು ಚೆಲ್ಲಿಕೊಳ್ಳುತ್ತಾನಂತೆ. ಕಣ್ಣಿಗೂ ಎಲ್ಲ ಸೊಟ್ಟ ಕಾಣುತ್ತಿದೆ ಎಂದು ಗೋಡೆಯ ಮೇಲಿನ ಪಟಗಳನ್ನೆಲ್ಲ ಸರಿಮಾಡಿದ್ದಾನಂತೆ. ಈಗ ಮನೆಯ ಸತ್ತವರೆಲ್ಲ ಒಂದೇ ಕಡೆಗೆ ವಾಲಿಕೊಂಡಿದ್ದಾರಂತೆ. ಭಾನುವಾರ ಕಾಫಿಗೆ ಬರಬೇಕಂತೆ. ಲೈಸೆನ್ಸ್ ವಾಪಸ್ ಕೊಟ್ಟುಬಿಡುತ್ತಾನಂತೆ. ಕಾರು ನೀಲೊನಿಗಂತೆ.

ಕಾರು ತನಗೆ ಎಂದು ಕೇಳಿದ್ದೇ ನೀಲೊನ ಒಳಗೆ ಏನೋ ಒಂದು ಸಣ್ಣಗೆ ಕುಣಿಯಿತು. ಆ ಕುಣಿತ ನೆನಪಾದಾಗಲೆಲ್ಲ ಅವನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ.

"ಅಪ್ಪ ಆ ಕಾರು ಓಡಿಸಿದ್ನಾ?" ಅಂದಳು ವೆನ್ಲಾ.

"ಹೂಂ."

"ನೀನು ಪಕ್ಕದಲ್ಲಿದ್ದೆ."

"ಹೂಂ."

"ನಾನು ಹೇಳಲ್ಲ ಕಣೋ. ಜಾರಿದ್ದು ನೀನು, ಹೇಳೋನೂ ನೀನೇ."

ಫೋನಿನಲ್ಲೇ ಹೇಳಬಹುದಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನೀಲೊ ತನಗೆ ತಾನೇ ಹೇಳಿಕೊಂಡ. ಹೇಡಿಗೆ ನೆಪ ಯಾವತ್ತೂ ಕಡಿಮೆ ಬೀಳುವುದಿಲ್ಲ.

ಭಾನುವಾರ ಮಾವ ಸಾವಿನ ಮನೆಗೆ ಹೋಗುವಾಗ ಹಾಕುವ ಕಪ್ಪು ಸೂಟಿನಲ್ಲಿದ್ದರು. ಬಿಳಿಯ ಕುರುಚಲು ಗಡ್ಡ. ಗೋಡೆಯಲ್ಲಿ ವಾಲಿದ ಪೂರ್ವಜರು. ಮೇಜಿನ ಮೇಲೆ ಒಳ್ಳೆಯ ಪಿಂಗಾಣಿ, ಏಲಕ್ಕಿ ಬನ್ನು, ನಡುವೆ ಕೆನೆಯ ಕೇಕು. ಹುಟ್ಟಿಗೂ ಸಾವಿಗೂ ನಿವೃತ್ತಿಗೂ ಕೇಕು ತರಿಸುವುದು ಅತ್ತೆಯ ಕ್ರಮ. ಕಂದು ಅಕ್ಷರಗಳಲ್ಲಿ "ಚಾಲಕನಿಗೆ ವಂದನೆ, ಇನ್ನು ವಿಶ್ರಾಂತಿ" ಎಂದು ಬರೆಸಿದ್ದರು. ಹೆಸರು ಬರೆಸಲು ಜಾಗ ಸಾಲದೆ ಹೋಯಿತೆಂದು ಪೇಚಾಡಿದರು.

ಕಾಫಿ ಬಗ್ಗಿಸಿಯಾಯಿತು. ಮಾವ ಲೈಸೆನ್ಸ್ ತೆಗೆದು ಒಂದು ಖಾಲಿ ಸಾಸರಿನ ಮೇಲಿಟ್ಟರು. ಆಮೇಲೆ, ನೀಲೊ ಕಂಡಂತೆ ಮೊದಲ ಸಲ, ಭಾಷಣ ಮಾಡಿದರು.

"ಇಷ್ಟು ವರ್ಷ ಯಾರಿಗೂ ಏನೂ ಆಗ್ಲಿಲ್ಲ. ಈಗ ಕೈ ಬಲಕ್ಕೆ ಎಳೀತದೆ. ಯಾರ ಮಗೂಗೋ ಗುದ್ದೋಕೆ ಮುಂಚೆ ನಿಲ್ಸೋದು ಒಳ್ಳೇದು."

ಅತ್ತೆ ಮೂಗು ಒರೆಸಿಕೊಂಡರು. ವೆನ್ಲಾ ಮೇಜಿನ ಕೆಳಗೆ ಗಂಡನ ಕಾಲನ್ನು ತುಳಿದಳು. ಬ್ರೇಕಿನ ಕೆಳಗಿನ ಮೊಟ್ಟೆಯ ಯೋಚನೆ ಅವಳಿಗೇನೂ ಇರಲಿಲ್ಲ.

"ಕೈ ಅಲ್ಲ ಮಾವ" ಅಂದ ನೀಲೊ. "ಎಳೆಯೋದು ಕಾರು. ನಾನು ವೃತ್ತದಲ್ಲಿ ಜಾರಿ ಕಲ್ಲಿಗೆ ಹೊಡ್ದೆ. ಕೆಳಗಿನ ಆರ್ಮ್ ಬಾಗಿದೆ."

ಅತ್ತೆಯ ಕರವಸ್ತ್ರ ಮೂಗಿನ ಮೇಲೆಯೇ ನಿಂತಿತು.

"ಬಲಗಡೇದಾ?" ಅಂದರು ಮಾವ.

"ಬಲಗಡೇದು."

"ನಾನು ಓಡ್ಸೋಕೆ ಮುಂಚೇನಾ?"

"ಮುಂಚೇನೇ."

ಮಾವ ತಮ್ಮ ಕೈಯನ್ನು ಮೇಜಿನ ಮೇಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಾರು ಕೆಟ್ಟಿದ್ರೆ ನೀನು ಹೇಳ್ತಿದ್ದೆ ಅಂದ್ಕೊಂಡೆ" ಅಂದರು. ಗದರಲಿಲ್ಲ. ಗದರಿದ್ದರೆ ನೀಲೊ ಬದುಕಿಕೊಳ್ಳುತ್ತಿದ್ದ.

ಎದ್ದರು. ಸೂಟಿನ ಮೇಲೆಯೇ ಕೋಟು ಏರಿಸಿ, ಅತ್ತೆಯ ಸಣ್ಣ ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋದರು. ಮೂವರೂ ಕಿಟಕಿಗೆ ಮೂಗು ಒತ್ತಿ ನಿಂತರು. ಕತ್ತಲಲ್ಲಿ ಕೆಂಪು ದೀಪಗಳು ಹಿಂದಕ್ಕೆ ಬಂದು, ತಿರುಗಿ, ಮಂಜುಗಟ್ಟಿದ ಬೀದಿಯ ತುದಿಯವರೆಗೆ ಹೋದವು. ಗೆರೆ ಎಳೆದಂತೆ ನೆಟ್ಟಗೆ ಹೋದವು. ಅತ್ತೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತರು.

ಮಾವ ಒಳಗೆ ಬಂದು, ಬೂಟು ಬಿಚ್ಚಿ, ದಾರಿಯಲ್ಲಿ ತಮ್ಮ ಅಜ್ಜನ ಪಟವನ್ನು ನೆಟ್ಟಗೆ ಮಾಡಿ, ಕೂತರು. ಸಾಸರಿನಿಂದ ಲೈಸೆನ್ಸ್ ಎತ್ತಿ ಒಳಜೇಬಿಗೆ ಹಾಕಿಕೊಂಡರು. ಬಲಗೈಯಲ್ಲೇ ಕಾಫಿ ಕುಡಿದರು, ಒಂದು ತೊಟ್ಟೂ ಚೆಲ್ಲಲಿಲ್ಲ. ಕೇಕಿನ ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿದರು. ತರಿಸಿದ ಕೇಕನ್ನು ಹಾಳುಮಾಡುವ ಪದ್ಧತಿ ಆ ಮನೆಯಲ್ಲಿಲ್ಲ.

ಆಮೇಲೆ ಎರಡೂ ಕೈಯಿಂದ ತಟ್ಟೆ ಹಿಡಿದು, ಬಸ್ಸು ತಿರುಗಿಸಿದಷ್ಟು ನಾಜೂಕಾಗಿ ಅದನ್ನು ತಿರುಗಿಸಿ, ಅಕ್ಷರಗಳೆಲ್ಲ ನೀಲೊನ ಎದುರಿಗೆ ಬರುವಂತೆ ಇಟ್ಟು, ಚಾಕು ಅವನ ಕೈಗೆ ಕೊಟ್ಟರು.

"ಮೊದಲ್ನೇ ತುಂಡು ನೀನೇ ಕತ್ತರಿಸಪ್ಪ" ಅಂದರು.