ಪ್ರಭಾವ ಬೀರಹೋಗಿ ಬೀರು ಸೇರಿದ್ದು

"ಇನ್ನು ಈ ಊರಿನಲ್ಲಿ ಒಬ್ಬೇ ಒಬ್ಬ ಬಾಡಿಗೆದಾರನೂ ವಿಚಾರಣೆಯ ದಿನ ತಡವರಿಸಬಾರದು! ಅದಕ್ಕೆ ನಾನು ಹೊಣೆ!"

ಹಾಗಂತ ನಾನು ಘೋಷಿಸಿದ್ದು ಆಫೀಸಿನಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ, ಹೊಸ್ತಿಲ ಮೇಲೆ ನಿಂತು, ಸಾಮ್ರಾಜ್ಯ ಗೆದ್ದು ಬಂದವರ ಧಾಟಿಯಲ್ಲಿ. ನಮ್ಮ ಯಜಮಾನರು ಸೋಫಾದಲ್ಲಿ ಮಲಗಿದ್ದಲ್ಲಿಂದಲೇ ಒಂದು ಕಣ್ಣು ತೆರೆದರು.

"ಹೊಣೆ ಆಮೇಲೆ ಹೊರುವೆಯಂತೆ. ಮೊದಲು ಆ ತರಕಾರಿ ಚೀಲ ಇಳಿಸು, ಭುಜ ಸೊಟ್ಟಗಾಗಿದೆ."

ಭುಜ ಮಾತ್ರವೇನು, ನಾನು ಇಡಿಯಾಗಿಯೇ ಸೊಟ್ಟಗಾಗಿದ್ದೆ! ನಾನು ಕೆಲಸ ಮಾಡುವುದು ಬಾಡಿಗೆದಾರರ ಸಹಾಯ ಕೇಂದ್ರದಲ್ಲಿ. ಮನೆ ಮಾಲೀಕರ ಜೊತೆ ತಕರಾರಾಗಿ, ವಿಚಾರಣಾಧಿಕಾರಿಯ ಮುಂದೆ ನಿಲ್ಲಬೇಕಾಗಿ ಬಂದವರು ನಮ್ಮಲ್ಲಿಗೆ ಓಡಿ ಬರುತ್ತಾರೆ. "ಮೇಡಂ, ಅಲ್ಲಿ ಏನು ಕೇಳ್ತಾರೆ? ಏನು ತಗೊಂಡು ಹೋಗ್ಬೇಕು? ಬೈತಾರಾ?" ಬೆಳಗಿನಿಂದ ಸಂಜೆಯವರೆಗೆ ಅದೇ ಪ್ರಶ್ನೆ, ಅದೇ ಉತ್ತರ. ನಿದ್ದೆಯಲ್ಲೂ ನಾನು "ಫೋಟೋ ತೆಗೆದಿಟ್ಕೊಳ್ಳಿ, ಮೂರು ಪ್ರತಿ ಮಾಡಿಸಿ" ಅಂತ ಕನವರಿಸುತ್ತೇನಂತೆ. ಯಜಮಾನರು ಒಮ್ಮೆ ಎದ್ದು ಕೂತು, "ಯಾವುದರ ಫೋಟೋ?" ಅಂತ ಕೇಳಿದ್ದರಂತೆ.

ಹಿಂದೆ ಒಂದು ಕಿರುಪುಸ್ತಕ ಅಚ್ಚು ಹಾಕಿಸಿದ್ದೆವು. ಓದು ಬಾರದವರು ಅದನ್ನು ಭಕ್ತಿಯಿಂದ ಇಟ್ಟುಕೊಂಡರು, ಓದು ಬಂದವರು ಬಿಸಿಲಿಗೆ ಗಾಳಿ ಬೀಸಿಕೊಂಡರು. ಅದಕ್ಕೇ ಈ ಸಲ ಫೋನ್ ಸಹಾಯವಾಣಿ! ಯಾವ ಹೊತ್ತಿಗಾದರೂ ಕರೆ ಮಾಡಿ. ಏನೇನು ದಾಖಲೆ ಬೇಕು ಅಂತ ತಿಳಿಯಲು ಒಂದನ್ನು ಒತ್ತಿ, ಹೇಗೆ ಮಾತಾಡಬೇಕು ಅನ್ನುವುದಕ್ಕೆ ಎರಡು, ಮಾಲೀಕರ ಮಾತಿಗೆ ಉತ್ತರ ಕೊಡುವ ಬಗೆಗೆ ಮೂರು, ಆ ದಿನ ಶಾಂತವಾಗಿರುವುದು ಹೇಗೆ ಅನ್ನುವುದಕ್ಕೆ ನಾಲ್ಕು. ಯೋಜನೆಯೂ ನನ್ನದು, ಬರೆದದ್ದೂ ನಾನು. ದನಿಗೆ ಯಾರನ್ನು ಕರೆಸೋಣ ಅಂತ ಕೇಳಿದಾಗ ನಮ್ಮ ಕೇಂದ್ರದ ಹಿರಿಯ ವಕೀಲರು, "ಬೇರೆಯವರು ಯಾಕಮ್ಮ? ನಿಮ್ಮ ದನಿಯೇ ಜೇನು!" ಅಂದರು. ಖರ್ಚು ಉಳಿಸುವ ಮಾತು ಅಂತ ಗೊತ್ತಾಗುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಜೇನಿನಲ್ಲೇ ತೇಲುತ್ತ ಮನೆಗೆ ಬಂದೆ. ಬರುವ ದಾರಿಯಲ್ಲಿ ನಮ್ಮ ಬೀದಿಯ ಗೇಟುಗಳಿಗೆಲ್ಲ ಸಹಾಯವಾಣಿಯ ಚೀಟಿ ಅಂಟಿಸಿದೆ, ನಮ್ಮ ಗೇಟನ್ನೂ ಬಿಡಲಿಲ್ಲ.

ರಜೆಯ ದಿನ ಮಧ್ಯಾಹ್ನ ಧ್ವನಿಮುದ್ರಣ. ಹಾಲಿನಲ್ಲಿ ಕೂತರೆ ಯಜಮಾನರ ಟಿವಿ ಪಂದ್ಯ. ಅಡುಗೆಮನೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಬಚ್ಚಲಲ್ಲಿ ಮಾತಾಡಿದರೆ ಬಾವಿಯೊಳಗಿಂದ ಭೂತ ಕರೆದ ಹಾಗೆ. ಕೊನೆಗೆ ಹೊಳೆಯಿತು, ಮಲಗುವ ಕೋಣೆಯ ಬೀರು! ಬಾಡಿಗೆ ಮನೆಯ ಜೊತೆಗೇ ಬಂದ, ಗೋಡೆಯಷ್ಟು ಅಗಲದ ಹಳೆಯ ಮರದ ಬೀರು. ಒಳಗೆ ಕೋಟು, ಕಂಬಳಿ, ಸ್ವೆಟರು. ಹೊರಗಿನ ಸಣ್ಣಪುಟ್ಟ ಸದ್ದು ಒಳಗೆ ಬರುವ ಮಾತೇ ಇಲ್ಲ.

"ಊರಿನ ಮೇಲೆ ಪ್ರಭಾವ ಬೀರ್ತೀನಿ ಅಂತ ಹೋದವಳು ಬೀರು ಸೇರಿದೆಯಲ್ಲೇ!" ಅಂತ ನಕ್ಕರು ಯಜಮಾನರು. ನಾನು ಲೆಕ್ಕಿಸಲಿಲ್ಲ. ಒಂದು ಕೈಯಲ್ಲಿ ಆಫೀಸಿನ ರೆಕಾರ್ಡರ್, ಇನ್ನೊಂದರಲ್ಲಿ ಬೆಳಕಿಗೆ ಮೊಬೈಲು. ಕಂಬಳಿಗಳ ಸಿಂಹಾಸನವೇರಿ ಬಾಗಿಲು ಎಳೆದುಕೊಂಡೆ.

ಒಂದು, ಎರಡು, ಮೂರು ನೀರು ಕುಡಿದ ಹಾಗೆ ಮುಗಿದವು. ನಾಲ್ಕಕ್ಕೆ ಮುಂಚೆ ಸ್ವಲ್ಪ ಗಾಳಿಗೆ ಹೊರಬಂದು, ಮತ್ತೆ ಒಳಗೆ ಹೋಗಿ, ಈ ಸಲ ಬಾಗಿಲು ಜೋರಾಗಿ ಎಳೆದುಕೊಂಡೆ.

"ವಿಚಾರಣೆಯ ದಿನ ಗಾಬರಿಯಾಗುವುದು ಸಹಜ. ಆದರೆ ಏನೇ ಆದರೂ ದನಿ ಏರಿಸಬೇಡಿ. ನಿಧಾನವಾಗಿ ಉಸಿರು ತೆಗೆದುಕೊಳ್ಳಿ..."

ಟಕ್! ಹೊರಗಿನ ಸಡಿಲ ಚಿಲಕ ತಾನಾಗಿ ಬಿತ್ತು. ತಳ್ಳಿದೆ, ಬಾಗಿಲು ಕದಲಲಿಲ್ಲ.

"ರೀ! ಬಾಗಿಲು ತೆಗೀರಿ!"

ಹಾಲಿನಿಂದ ಉತ್ತರ ಬಂತು: "ಚೆನ್ನಾಗಿ ಬರ್ತಿದೆ ಕಣೆ! ಇನ್ನೂ ಸ್ವಲ್ಪ ಅಳು ಬೆರೆಸು!"

"ರೀ! ನಿಜವಾಗ್ಲೂ ಸಿಕ್ಕಿಹಾಕ್ಕೊಂಡಿದೀನಿ!"

"ಹಾಂ, ಈಗ ಬಂತು ನೋಡು ಸಹಜವಾಗಿ!"

ಕಂಬಳಿಯ ಕಾವಿಗೆ ಬೆವರು ಇಳಿಯತೊಡಗಿತು. ಮೊಬೈಲಿನಿಂದ ಅವರಿಗೇ ಕರೆ ಮಾಡಿದೆ. ಎತ್ತಿಕೊಂಡವರು, "ಹಲೋ! ಸಹಾಯವಾಣಿಯಾ? ಒಂದು ಒತ್ತಲಾ, ಎರಡು ಒತ್ತಲಾ?" ಅಂದರು.

"ಹೊರಗೆ ಬಂದ್ರೆ ನಿಮ್ಮ ಕತ್ತು ಒತ್ತುತ್ತೀನಿ!"

ಆ ದನಿ ಅವರಿಗೆ ಚೆನ್ನಾಗಿ ಪರಿಚಯ. ಓಡಿ ಬಂದರು. ಎಳೆದರು, ಅಲ್ಲಾಡಿಸಿದರು. ತುಕ್ಕು ಹಿಡಿದ ಚಿಲಕ ಜಗ್ಗಲಿಲ್ಲ.

"ತಡಿ, ಸುತ್ತಿಗೆ ತರ್ತೀನಿ!"

"ಸುತ್ತಿಗೆ ಬೇಡ ರೀ! ಕೆಳಗೆ ಹೋಗಿ ಓನರಮ್ಮನ್ನ ಕರೀರಿ! ಈ ಚಿಲಕ ಸರಿ ಮಾಡಿಸಿ, ಸರಿ ಮಾಡಿಸಿ ಅಂತ ಆ ಮಹಾತಾಯಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೀತು!"

"ಅವರನ್ನ ಕರೆದ್ರೆ ಭಾಷಣ ಕೇಳ್ಬೇಕು. ಮುರಿದ್ರೆ ಮುರೀಲಿ ಬಿಡೇ, ಹೇಗೂ ನಮ್ಮದಲ್ಲ!"

ಮೊದಲ ಏಟಿಗೆ ನನ್ನ ಕೈಯಿಂದ ರೆಕಾರ್ಡರ್ ಜಾರಿ ಬಿದ್ದು ನಿಂತುಹೋಯಿತು. ಮುಂದಿನ ಏಟಿಗೆ ಚಿಲಕ ಗಟ್ಟಿಯಾಗಿಯೇ ಉಳಿದು, ಕೀಲುಗಳು ಕಿತ್ತುಬಂದು, ಬಾಗಿಲಿಗೆ ಒರಗಿದ್ದ ನಾನು ಬಾಗಿಲ ಸಮೇತ ದೋಣಿಯಲ್ಲಿ ಕೂತ ರಾಣಿಯಂತೆ ನೆಲಕ್ಕೆ ಬಂದೆ! ಯಜಮಾನರು ಹಾರಿ ಮಂಚದ ಮೇಲೆ. ಇಡೀ ಮನೆ ನಡುಗಿತು.

ಓನರಮ್ಮ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. ಸೀಳಿದ ಬಾಗಿಲ ಮೇಲೆ ಕೂತ ನನ್ನನ್ನೂ ಸುತ್ತಿಗೆ ಹಿಡಿದ ಯಜಮಾನರನ್ನೂ ನೋಡಿದರು.

"ಏನಮ್ಮಾ ಇದು?"

ನನಗೆ ಬಾಯಿಗೆ ಬಂದದ್ದು ಸತ್ಯವೇ. "ಆಂಟಿ, ಮನೆ ಮಾಲೀಕರ ಜೊತೆ ತಕರಾರಾದ್ರೆ ಏನು ಮಾಡ್ಬೇಕು ಅಂತ ಬಾಡಿಗೆದಾರರಿಗೆ ಹೇಳಿಕೊಡ್ತಿದ್ದೆ."

ಅಷ್ಟಕ್ಕೇ ನಿಂತಿದ್ದರೆ ಬದುಕುತ್ತಿದ್ದೆವು. ಯಜಮಾನರು ಸಮಾಧಾನ ಮಾಡಲು ಹೊರಟರು! "ಹೋಗ್ಲಿ ಬಿಡಿ ಆಂಟಿ, ಹೇಗೂ ಹಳೇ ಮರ. ಸೌದೆಗೆ ಆಗುತ್ತೆ."

ಓನರಮ್ಮ ಬಗ್ಗಿ ಬಾಗಿಲಿನ ಅಂಚಿನ ಕೆತ್ತನೆಯನ್ನು ಬೆರಳಿಂದ ಸವರಿದರು. "ನಮ್ಮ ಯಜಮಾನ್ರು ಕೈಯಾರೆ ಮಾಡಿದ್ದು. ಇದನ್ನ ಮುಗಿಸಿದ ವರ್ಷವೇ ಹೋಗಿಬಿಟ್ರು" ಅಂದರು. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಅವರು ಬೈಯಲೇ ಇಲ್ಲ, ಮೆಟ್ಟಿಲಿಳಿದು ಹೋದರು. ಮರುವಾರ ಓನರಮ್ಮನ ದೂರಿನ ಮೇಲೆ ವಿಚಾರಣಾಧಿಕಾರಿಯಿಂದ ನಮಗೇ ನೋಟಿಸು ಬಂತು. ಬೀರು ಒಡೆದಿದ್ದಾರೆ, ಮನೆ ಖಾಲಿ ಮಾಡಿಸಿಕೊಡಿ!

ಮದುವೆಯಾದಾಗಿನಿಂದ ಸಾಮಾನು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಇದೇ ಆಗಿತ್ತು ನಮ್ಮ ಬಾಳು. ಈ ಮನೆಗೆ ಬಂದಮೇಲೆ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಎಸೆದಿದ್ದೆ. ಇನ್ನೊಮ್ಮೆ ಬೀದಿಬೀದಿ ಅಲೆದು ಮನೆ ಹುಡುಕುವ ಶಕ್ತಿ ನನ್ನ ಕಾಲುಗಳಿಗೆ ಇರಲಿಲ್ಲ. ಆ ದಣಿವಿನಲ್ಲೇ ನಾಲ್ಕನೆಯ ಭಾಗವನ್ನು ಬಚ್ಚಲಲ್ಲಿ ಕೂತು ಮತ್ತೆ ಹೇಳಿ, ಎಲ್ಲವನ್ನೂ ಆಫೀಸಿಗೆ ಕಳಿಸಿ ಕೈತೊಳೆದುಕೊಂಡೆ. ಸಹಾಯವಾಣಿ ಶುರುವಾಯಿತು. ಹಿರಿಯ ವಕೀಲರು, "ನಾಲ್ಕನೇದನ್ನ ನಾಟಕದ ಥರ ಮಾಡಿದ್ದು ಅದ್ಭುತ ಕಣಮ್ಮ!" ಅಂದಾಗಲೂ, ಬಚ್ಚಲಿನ ಪ್ರತಿಧ್ವನಿ ಅಷ್ಟು ಚೆನ್ನಾಗಿ ಬಂದಿದೆಯೇ ಅಂತ ಹಿಗ್ಗಿದೆ.

ವಿಚಾರಣೆಯ ದಿನ ಬಂತು. ನನಗೇಕೆ ತಯಾರಿ? ಪಾಠ ಬರೆದವಳೇ ನಾನು! ನಮ್ಮ ಉತ್ತರವನ್ನು ಯಜಮಾನರೇ ಬರೆದಿದ್ದರು: "ಸದರಿ ಬಾಗಿಲು ಹಳತಾಗಿದ್ದರಿಂದ ತಾನಾಗಿಯೇ ಕಳಚಿಕೊಂಡಿತು." ಓದದೆ ಸಹಿ ಹಾಕಿದ್ದೆ ಅಂದರೆ ನೀವು ನಂಬುವುದಿಲ್ಲ. ಓದಿಯೇ ಹಾಕಿದ್ದೆ.

ಅಧಿಕಾರಿ ಕನ್ನಡಕ ಏರಿಸಿ, "ಏನಾಯ್ತು ಹೇಳಿ, ಚಿಕ್ಕದಾಗಿ" ಅಂದರು.

ನಾನು ಅಡುಗೆಮನೆಯ ನಲ್ಲಿಯಿಂದ ಶುರುಮಾಡಿದೆ. ಅಲ್ಲಿಂದ ಹಿಂದಿನ ಮನೆಯ ಜಗಳಕ್ಕೆ ಹೋದೆ. ಅಲ್ಲಿಂದ ನನ್ನ ಬೆನ್ನುನೋವಿಗೆ. ನಡುವೆ ಯಜಮಾನರು ಬಾಯಿ ಹಾಕಿದರು, ನಾನು ಅವರ ಮೇಲೆ ಹರಿಹಾಯ್ದೆ. ಅಧಿಕಾರಿ, "ಬಾಗಿಲಿನ ಫೋಟೋ ಇದೆಯಾ?" ಅಂತ ಕೇಳಿದರು. ಇರಲಿಲ್ಲ. ಕೊನೆಗೆ ಅತ್ತೂ ಬಿಟ್ಟೆ!

ಓನರಮ್ಮ ಎದ್ದರು. ನಡೆದದ್ದನ್ನು ನಡೆದ ಕ್ರಮದಲ್ಲಿ, ಒಂದು ಮಾತು ಹೆಚ್ಚಿಲ್ಲದೆ ಹೇಳಿದರು. ಮುರಿಯುವ ಮೊದಲಿನ ಫೋಟೋ, ಮುರಿದ ಮೇಲಿನ ಫೋಟೋ, ಎಲ್ಲದರ ಮೂರು ಮೂರು ಪ್ರತಿ.

"ಭೇಷ್! ಯಾವ ವಕೀಲರು ಹೇಳಿಕೊಟ್ಟರಮ್ಮ?"

"ವಕೀಲರಿಲ್ಲ ಸಾರ್. ನಮ್ಮ ಗೇಟಿಗೆ ಯಾರೋ ಒಂದು ನಂಬರು ಅಂಟಿಸಿದ್ರು. ಫೋನ್ ಮಾಡಿದ್ರೆ ಒಬ್ಬ ಹುಡುಗಿ ಹೇಳಿಕೊಡ್ತಾಳೆ. ಎಷ್ಟು ತಾಳ್ಮೆ, ಎಷ್ಟು ನಯ! ಯಾರು ಪಾಪ ಅಂದ್ಕೊಂಡೆ. ನಾಲ್ಕು ಒತ್ತಿದ ಮೇಲೆ ಗೊತ್ತಾಯ್ತು, ನಮ್ಮ ಮಹಡಿಯವಳೇ!"

ಫೋನು ಮೇಜಿನ ಮೇಲೆ ಇಟ್ಟು ನಾಲ್ಕನ್ನು ಒತ್ತಿದರು. "ಏನೇ ಆದರೂ ದನಿ ಏರಿಸಬೇಡಿ..." ಟಕ್! ಆಮೇಲೆ ಏರಿತು ನೋಡಿ ನನ್ನ ದನಿ! ಕತ್ತು ಒತ್ತುವುದು, ಸುತ್ತಿಗೆ, ಮಹಾತಾಯಿ, "ಮುರಿದ್ರೆ ಮುರೀಲಿ ಬಿಡೇ", ಎಲ್ಲವೂ ಆ ಕೋಣೆಯ ನಾಲ್ಕು ಗೋಡೆಗೆ ಬಡಿದು ವಾಪಸು ಬಂದವು. ನಾನು ಎರಡು ಧ್ವನಿಮುದ್ರಣಕ್ಕೂ "ನಾಲ್ಕು" ಅಂತಲೇ ಹೆಸರಿಟ್ಟಿದ್ದೆ. ಬಚ್ಚಲಿನದು ಆಫೀಸಿನಲ್ಲೇ ಉಳಿದು, ಬೀರುವಿನದು ಊರಿಗೆಲ್ಲ ಹೋಗಿತ್ತು!

ಅಧಿಕಾರಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಭುಜ ಕುಲುಕುತ್ತಿತ್ತು.

"ಬಾಗಿಲು ತಾನಾಗಿ ಬೀಳಲಿಲ್ಲ, ಅದು ಸ್ಪಷ್ಟ. ಆದರೆ ಅಮ್ಮಾ, ಚಿಲಕ ಸರಿ ಮಾಡಿಸಿ ಅಂತ ಇವರು ಹೇಳಿದ್ದೂ ಇದರಲ್ಲೇ ಇದೆಯಲ್ಲ?"

ಓನರಮ್ಮ, "ಹೇಳಿದ್ಲು ಸಾರ್. ಹೋದಾಗ ಬಂದಾಗಲೆಲ್ಲ ಹೇಳಿದ್ಲು. ನಮ್ಮ ಯಜಮಾನ್ರು ಹಾಕಿದ ಚಿಲಕ ಅಂತ ತೆಗೆಸೋಕೆ ನನಗೇ ಮನಸ್ಸು ಬರ್ಲಿಲ್ಲ" ಅಂದರು.

ನಾನು ಎದ್ದು ನಿಂತೆ. ಬರೆದು ತಂದದ್ದೇನೂ ಇರಲಿಲ್ಲ. "ತಪ್ಪಾಯ್ತು ಆಂಟಿ. ಸೌದೆ ಅಂದದ್ದು ಇನ್ನೂ ದೊಡ್ಡ ತಪ್ಪು" ಅಂದೆ. ಅಂದು ನಾನು ಆಡಿದ ಚಿಕ್ಕ ಮಾತು ಅದೊಂದೇ.

ತೀರ್ಮಾನವಾಯಿತು. ಒಳ್ಳೆಯ ಬಡಗಿಯಿಂದ, ಅದೇ ಮರ ಜೋಡಿಸಿ, ಬಾಗಿಲನ್ನು ನಾವು ಸರಿಮಾಡಿಸಬೇಕು. ಚಿಲಕ ಓನರಮ್ಮನ ಪಾಲು. ಮನೆ ಖಾಲಿ ಮಾಡಬೇಕಾಗಿಲ್ಲ. ಯಜಮಾನರು ಸುತ್ತಿಗೆ ಮುಟ್ಟಬಾರದು ಅಂತ ಅಧಿಕಾರಿ ಬಾಯಿಮಾತಿನಲ್ಲಿ ಸೇರಿಸಿದರು.

ಹೊರಗಿನ ಬೆಂಚಿನ ಮೇಲೆ ನಾನು ಒಗೆದು ಹಿಂಡಿದ ಬಟ್ಟೆಯಂತೆ ಕುಸಿದೆ. ಪಕ್ಕದಲ್ಲಿ ಓನರಮ್ಮ ಚೀಲಕ್ಕೆ ಫೋಟೋ ತುಂಬಿಕೊಳ್ಳುತ್ತಿದ್ದರು. ಆಚೆ ತುದಿಯಲ್ಲಿ, ಕೊರಳಿಗೆ ಅಳತೆ ಪಟ್ಟಿ ನೇತುಹಾಕಿಕೊಂಡ ಒಬ್ಬ ಹೊಲಿಗೆಯಾಕೆ ತನ್ನ ಸರದಿಗೆ ಕಾಯುತ್ತ, ಫೋನನ್ನು ಕಿವಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಬೆಳಗ್ಗೆಯಿಂದ ಒಂದೇ ಭಯ ಅಕ್ಕ" ಅಂದಳು ನನ್ನ ಕಡೆ ತಿರುಗಿ. "ನಾಲ್ಕು ಒತ್ತಿ ಕೇಳಿ ಅಂತ ಪಕ್ಕದ ಮನೆಯವ್ರು ಹೇಳಿದ್ರು. ನನಗಿಂತ ಕಷ್ಟದಲ್ಲಿರೋರೂ ಇದ್ದಾರೆ ಅಂತ ಧೈರ್ಯ ಬಂತು!"

ನನಗೆ ತಡೆಯಲಾಗಲಿಲ್ಲ. "ಒಂದು, ಎರಡು, ಮೂರು ಕೇಳಿದ್ರಾ?"

"ಅದಾ? ಅದರಲ್ಲಿ ಯಾರೋ ಪಾಠ ಹೇಳ್ತಾರೆ ಅಕ್ಕ. ನಿದ್ದೆ ಬಂತು, ಕಟ್ ಮಾಡ್ದೆ." ಆಮೇಲೆ ನಗು ನಿಲ್ಲಿಸಿ, ನಿಜವಾದ ಕಾಳಜಿಯಿಂದ ಕೇಳಿದಳು: "ಅಲ್ಲ, ಇದು ಅರ್ಧಕ್ಕೇ ನಿಂತುಬಿಡುತ್ತೆ. ಪಾಪ, ಆ ಹೆಂಗಸು ಕೊನೆಗೆ ಹೊರಗೆ ಬಂದ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಓನರಮ್ಮ ಚೀಲ ಹೆಗಲಿಗೇರಿಸಿ ಎದ್ದರು.

"ಬಂದ್ಲು ಕಣಮ್ಮ, ಬಂದ್ಲು. ಬಾಗಿಲ ಸಮೇತ!"