ವೇಸ್ಟ್ ಕಡಿಮೆ ಮಾಡಿ

ಏನನ್ನೂ ಪೋಲು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಇದು ಗುಣವೋ ರೋಗವೋ ಇನ್ನೂ ತೀರ್ಮಾನವಾಗಿಲ್ಲ. "ಮೊದಲ ನಿಮ್ಮ ಮಾತು ಕಡಿಮಿ ಮಾಡ್ರಿ" ಎನ್ನುತ್ತಾಳೆ ಹೆಂಡತಿ. ಇಂಥವನನ್ನು ಬೆಳಗಾವಿಯ ನಮ್ಮ ಕಾರ್ಖಾನೆಯವರು ಪೋಲು ತಡೆಯುವ ‘ಲೀನ್’ ತರಬೇತಿಗೆ ಕಳಿಸಿದರು. ಕೇಳಬೇಕೆ? ಸುಮ್ಮನೆ ಓಡಾಡುವುದು, ಕಾಯುತ್ತ ನಿಲ್ಲುವುದು, ಬೇಡದ ಮಾಲು ಪೇರಿಸುವುದು ಎಲ್ಲವೂ ವೇಸ್ಟ್ ಎಂದು ಕಲಿತು ಬಂದೆ. ಬಂದವನೇ ಮಶೀನ್ ಶಾಪಿನ ಗೋಡೆಗೆ ಆಳೆತ್ತರದ ಫಲಕ ಹಾಕಿಸಿದೆ: ‘ವೇಸ್ಟ್ ಕಡಿಮೆ ಮಾಡಿ’.

ಒಂದು ಸಂಗತಿ ಮರೆತಿದ್ದೆ. ನಮ್ಮ ಶಾಪಿನಲ್ಲಿ ವೇಸ್ಟ್ ಎಂದರೆ ಕೈಯ ಎಣ್ಣೆ ಒರೆಸಿಕೊಳ್ಳುವ ಹತ್ತಿ ನೂಲಿನ ಉಂಡೆ. ಲೇತ್ ಯಂತ್ರ ನಡೆಸುವ ಪರಶುರಾಮ ಮಾಮಾ ದಿನಾ ನಂದಗಡದಿಂದ ಬಸ್ಸಿನಲ್ಲಿ ಬರುವವರು. ನನಗೆ ಕೆಲಸ ಕಲಿಸಿದವರು ಅವರೇ. ನಾನು ಸೂಪರ್‌ವೈಸರ್ ಆದ ಮೇಲೆ ನನ್ನನ್ನೇ ‘ಸಾಹೇಬ್ರ’ ಎನ್ನುತ್ತಾರೆ. ಫಲಕ ಓದಿದ ಮರುದಿನದಿಂದ ಅವರು ಸ್ಟೋರಿನ ವೇಸ್ಟ್ ಬಿಟ್ಟು, ಮನೆಯಿಂದ ಮೆತ್ತನೆಯ ಬಟ್ಟೆಯ ತುಂಡುಗಳನ್ನು ತರತೊಡಗಿದರು. ಮುದುಕರ ಹುಮ್ಮಸ್ಸು ಎಂದುಕೊಂಡು ಮೀಟಿಂಗಿನಲ್ಲಿ ಹೊಗಳಿ ಚಪ್ಪಾಳೆ ಹೊಡೆಸಿದೆ.

ಒಂದು ಮಧ್ಯಾಹ್ನ ಅಂಥದೇ ತುಂಡಿನಲ್ಲಿ ನನ್ನ ಬೂಟಿನ ಗ್ರೀಸ್ ಒರೆಸುತ್ತಿದ್ದೆ. ಕೈಗೆ ಇಳಕಲ್ ಸೀರೆಯ ಸೆರಗು ಬಂತು.

"ಮಾಮಾ, ಇದು ಸೀರಿ ಐತಲ್ರಿ?"

"ಹೌದ್ರಿ ಸಾಹೇಬ್ರ, ನಮ್ಮ ಮನ್ಯಾಕಿದು. ಆಕಿ ತೀರಿ ಹೋಗಿ ವರ್ಷ ಆತು. ಐದು ಸೀರಿ ಇದ್ವು, ಇದು ಕಡೀದು. ನೀವು ವೇಸ್ಟ್ ಕಡಿಮಿ ಮಾಡ್ರಿ ಅಂದ್ರಿ. ಬ್ಯಾರೆ ಅರಿವಿ ಎಣ್ಣಿ ಹೀರೂದಿಲ್ಲ."

ಫಲಕದ ವೇಸ್ಟ್ ಅಂದರೆ ನೂಲಿನ ಉಂಡೆಯಲ್ಲ ಎಂದು ಹೇಳಿದರೆ, ನಾಲ್ಕು ಸೀರೆಗಳು ಸುಮ್ಮನೆ ಹಾಳಾದವು ಎಂದು ಅವರಿಗೆ ತಿಳಿಯುತ್ತದೆ. ಹೇಳದಿದ್ದರೆ ಐದನೆಯದರಲ್ಲಿ ಉಳಿದದ್ದೂ ಹೋಗುತ್ತದೆ. ಗಂಟೆಗಟ್ಟಲೆ ಭಾಷಣ ಬಿಗಿಯುವ ನನಗೆ ಆಗ ಒಂದು ಸುಳ್ಳು ಹೊಳೆಯಿತು, ಅಷ್ಟೇ.

"ವೇಸ್ಟ್ ಬೇಕಾದಷ್ಟು ಕಡಿಮಿ ಆತ್ರಿ ಮಾಮಾ. ನಾಳಿಂದ ಸ್ಟೋರಿನಾಗಿಂದ ತಗೋರಿ. ಉಳಿದ ಸೀರಿ ಮನ್ಯಾಗ ಇಡ್ರಿ."

"ಖರೇನ್ರಿ?" ಎಂದರು. ಮುಖ ಅರಳಿತು. "ಆಕಿ ಸೀರಿ ಕೆಲಸಕ್ಕ ಬಂತಲ್ರಿ, ಅಷ್ಟ ಸಾಕು."

ಆ ಸಂಜೆ ಬೂಟು ಒರೆಸಿದ ಸೆರಗನ್ನು ಮನೆಗೆ ತಂದು, ಬಚ್ಚಲಲ್ಲಿ ಕುಳಿತು ತಿಕ್ಕಿದೆ. ಮಾಮಾ ಅವರಿಗೆ ಮರಳಿಸಬೇಕೆಂದಿದ್ದೆ, ಗ್ರೀಸ್ ಬಿಡಲಿಲ್ಲ.

"ಒಂದು ಚಿಂದಿಗೆ ಎಷ್ಟು ಸಾಬಾಣ ಹಾಳ ಮಾಡ್ತೀರಿ?" ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

ನಾನು ಇನ್ನೊಂದು ಸಾಬೂನು ಕೇಳಿದೆ.